ಸಿ ಅಕ್ಷರದ ಡಿಸ್ಕ್

ಆಸ್ಪತ್ರೆಯ ನೆಲಮಹಡಿಯಲ್ಲಿ ಧ್ವನಿ ಕೋಣೆ ಇದೆ. ಗಂಟಲಿನ ಶಸ್ತ್ರಚಿಕಿತ್ಸೆಯಲ್ಲಿ ಧ್ವನಿಪೆಟ್ಟಿಗೆ ಕಳೆದುಕೊಳ್ಳಲಿರುವವರು ಅದಕ್ಕೂ ಮೊದಲು ಅಲ್ಲಿ ಕುಳಿತು ಮುನ್ನೂರ ಇಪ್ಪತ್ತು ವಾಕ್ಯಗಳನ್ನು ಓದುತ್ತಾರೆ. ಎಲ್ಲರಿಗೂ ಅವೇ ವಾಕ್ಯಗಳು. ಆ ಓದಿನಿಂದ ಅವರದೇ ಧ್ವನಿಯನ್ನು ಕಟ್ಟಿ ಅಂಗೈಯಗಲದ ಯಂತ್ರಕ್ಕೆ ತುಂಬುತ್ತಾರೆ. ಮುಂದೆ ಅವರು ಬೆರಳಿನಿಂದ ಬರೆದದ್ದನ್ನು ಯಂತ್ರ ಅವರ ಧ್ವನಿಯಲ್ಲೇ ಹೇಳುತ್ತದೆ. ಹಾಗೆ ಕಟ್ಟಲು ಕನಿಷ್ಠ ನೂರೈವತ್ತು ವಾಕ್ಯಗಳಾದರೂ ಬೇಕು.

ಐದು ವರ್ಷಗಳಲ್ಲಿ ಇನ್ನೂರ ಹನ್ನೆರಡು ಜನ ಹೀಗೆ ಓದಿದ್ದರು. ಇನ್ನೂರ ಹನ್ನೆರಡನೆಯವಳು ಅಕ್ಕ. ಹತ್ತೊಂಬತ್ತು ವರ್ಷ ಕೋರ್ಟಿನಲ್ಲಿ ಕಕ್ಷಿದಾರರ ಹೆಸರು ಕೂಗುವ ಕೆಲಸ ಮಾಡಿದವಳು. ಅವಳು ಮೂರು ಸಲ ಕೂಗಿದರೆ ಹೊರಗೆ ಮರದ ಕೆಳಗೆ ನಿದ್ದೆ ಹೋದವನೂ ಎದ್ದು ಬರುತ್ತಿದ್ದ. ಶಸ್ತ್ರಚಿಕಿತ್ಸೆಯಾಗಿ ಆರು ವಾರವಾಗಿತ್ತು. ಈಗ ಕೊರಳಿಗೆ ಬಿಳಿ ಬಟ್ಟೆ, ಕೈಯಲ್ಲಿ ಮಕ್ಕಳ ಸ್ಲೇಟು. ಅವಳ ಧ್ವನಿಯನ್ನು ಇನ್ನೂ ಕಟ್ಟಿರಲಿಲ್ಲ.

ಧ್ವನಿಗಳೆಲ್ಲ ಇದ್ದದ್ದು ಎರಡನೇ ಮಹಡಿಯ ಸರ್ವರ್ ಕೋಣೆಯಲ್ಲಿ, ಒಂದೇ ಡಿಸ್ಕಿನಲ್ಲಿ. ಆ ಕೋಣೆ ನೋಡಿಕೊಳ್ಳುತ್ತಿದ್ದವನು ಅಕ್ಕನ ತಮ್ಮ. ಕೆಟ್ಟ ಕಂಪ್ಯೂಟರುಗಳೆಲ್ಲ ಅವನ ಬಳಿಗೇ ಬರುತ್ತಿದ್ದರಿಂದ ಆಸ್ಪತ್ರೆಯಲ್ಲಿ ಅವನಿಗೆ ಡಬ್ಬಿ ಡಾಕ್ಟರ್ ಎಂದು ಹೆಸರು. ಇನ್ನೊಂದು ಪ್ರತಿ ಇಡಬೇಕು, ಇನ್ನೊಂದು ಡಿಸ್ಕ್ ಕೊಡಿ ಎಂದು ಎರಡು ವರ್ಷದಿಂದ ಅರ್ಜಿ ಬರೆಯುತ್ತಿದ್ದ. ಒಂದು ಮಂಗಳವಾರ ಡಿಸ್ಕ್ ಬಂತು. ಹಳೆಯದರದೇ ಕಂಪನಿ, ಅಷ್ಟೇ ಅಳತೆ, ಎರಡು ಟೆರಾಬೈಟ್. ಮೈಮೇಲಿನ ಕ್ರಮಸಂಖ್ಯೆಯ ಕೊನೆಯ ಎರಡು ಅಂಕಿ ಬಿಟ್ಟರೆ ಅವಳಿ ಮಕ್ಕಳು.

ಅಂದು ಅಕ್ಕ ಗಾಯ ತೋರಿಸಲು ಬಂದಿದ್ದಳು. ಅದು ಮುಗಿದ ಮೇಲೆ ಮೇಲಕ್ಕೆ ಬಂದು ತಮ್ಮನ ಪಕ್ಕದ ಸ್ಟೂಲಿನಲ್ಲಿ ಕುಳಿತಳು. ಅವನು ಸರ್ವರ್ ಯಂತ್ರ ನಿಲ್ಲಿಸಿ, ಖಾಲಿ ಇದ್ದ ಮೇಲಿನ ಗೂಡಿಗೆ ಹೊಸ ಡಿಸ್ಕ್ ತಳ್ಳಿ, ಮತ್ತೆ ಚಾಲೂ ಮಾಡಿದ. ಕೆಳಗಿನ ಗೂಡಿನ ಹಳೆ ಡಿಸ್ಕಿನ ಮೇಲೆ ಅವನೇ ಅಂಟಿಸಿದ್ದ ಬಿಳಿ ಟೇಪಿತ್ತು. ಅದರ ಮೇಲೆ ‘ಬಿ’ ಎಂದು ಬರೆದಿತ್ತು. ಯಂತ್ರ ಡಿಸ್ಕುಗಳಿಗೆ ಎ, ಬಿ, ಸಿ ಎಂದು ಅಕ್ಷರ ಕೊಡುತ್ತದೆ. ಎ ಯಂತ್ರದ್ದೇ ಡಿಸ್ಕ್. ಬಿ ಹಳೆಯದು. ಹಾಗಾದರೆ ಸಿ ಹೊಸದು.

ಸ್ಲೇಟು ಮುಂದೆ ಬಂತು. ‘ಏನ್ ಮಾಡ್ತಿದೀಯೋ?’

“ಜಾಗ ಮಾಡ್ತಿದೀನಿ. ನಿಮ್ ಕೋರ್ಟಿನ ಪಾಲು ವಿಭಾಗದ ಕೇಸ್ ಥರಾನೇ ಅಕ್ಕ. ಮೊದಲು ಡಿಸ್ಕು ನಮ್ಮ ಸುಪರ್ದಿಗೆ ಬಂತು ಅಂತ ಒಂದು ಆಜ್ಞೆ. ಆಮೇಲೆ ಆಸ್ತಿಯೆಲ್ಲ ಒಂದು ಗುಂಪು ಅಂತ ಇನ್ನೊಂದು. ಆಮೇಲೆ ಆ ಗುಂಪಿನಿಂದ ಬೇಕಾದಷ್ಟು ಪಾಲು ಕತ್ತರಿಸಿ ಅದಕ್ಕೊಂದು ಹೆಸರಿಡೋದು. ಆ ಪಾಲಿಗೆ ವಾಲ್ಯೂಮ್ ಅಂತಾರೆ.”

‘ಜಗಳ ಇಲ್ವಾ?’

“ಇಲ್ಲಿ ಅಣ್ಣತಮ್ಮಂದಿರಿಲ್ವಲ್ಲ.”

ಅಕ್ಕನ ಭುಜ ಕುಲುಕಿತು. ಈಗ ಅವಳ ನಗು ಅಷ್ಟೇ. ಅವನು ಕಪ್ಪು ಪರದೆಯ ಮೇಲೆ ಮೊದಲ ಆಜ್ಞೆ ಟೈಪ್ ಮಾಡಿದ. ಪಿವಿಕ್ರಿಯೇಟ್, ಒಂದು ಅಡ್ಡಗೆರೆ, ವೈ, ಕೊನೆಗೆ ಡಿಸ್ಕಿನ ಹೆಸರು, ಸಿ. ಸ್ಲೇಟು ಮತ್ತೆ ಬಂತು. ‘ಆ ವೈ ಯಾಕೆ?’

“ವೈ ಅಂದ್ರೆ ಯೆಸ್. ಇದೊಂದು ಪೀಡೆ, ಪ್ರತಿ ಸಲ ‘ಅಳಿಸ್ಲಾ, ಅಳಿಸ್ಲಾ’ ಅಂತ ಕೇಳುತ್ತೆ. ಮೊದಲೇ ಹೂಂ ಅಂದುಬಿಟ್ರೆ ಬಾಯಿ ಮುಚ್ಕೊಂಡಿರುತ್ತೆ.”

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಅಕ್ಕ ಸ್ಲೇಟನ್ನು ಒರೆಸಿ ಬರೆದಳು. ‘ನನ್ ಥರ.’ ಈ ಸಲ ಭುಜ ಕುಲುಕಲಿಲ್ಲ.

ಅವನು ಗಡಿಬಿಡಿಯಿಂದ ಎಂಟರ್ ಒತ್ತಿದ. ಯಂತ್ರ ಏನನ್ನೂ ಕೇಳಲಿಲ್ಲ. ಎರಡನೆಯ ಆಜ್ಞೆ, ಮೂರನೆಯ ಆಜ್ಞೆ. ವಾಲ್ಯೂಮ್ ಸಿದ್ಧವಾಯಿತು. ಹೊಸ ಡಿಸ್ಕಾದರೆ ಮೊದಲು ಒಂದು ಗಂಟೆ ಅದರ ಮೇಲೆ ಸೊನ್ನೆ ಬರೆದು ಪರೀಕ್ಷಿಸಬೇಕೆಂಬುದು ಆ ಕೋಣೆಯ ಪದ್ಧತಿ, ಅವನೇ ಮಾಡಿದ್ದು. ಪರೀಕ್ಷೆಗೆ ಹಚ್ಚಿ ಅಕ್ಕನನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋದ. ಅವಳಿಗೆ ಗಂಜಿ, ಅವನಿಗೆ ಅನ್ನ ಸಾರು. ಒಂದು ಗಂಟೆ ಕಳೆದು ವಾಪಸು ಬಂದು ವಾಲ್ಯೂಮನ್ನು ಫಾರ್ಮ್ಯಾಟ್ ಮಾಡಿದ. ಇನ್ನು ಹಳೆ ಡಿಸ್ಕ್ ತೆರೆದು ಧ್ವನಿಗಳನ್ನು ನಕಲು ಮಾಡುವುದಷ್ಟೇ ಬಾಕಿ.

ಬಿ ತೆರೆಯಲಿಲ್ಲ. ಇದರಲ್ಲಿ ಏನೂ ಇಲ್ಲ ಎಂದಿತು ಯಂತ್ರ.

ಆಗ ಅವನು ಮೊದಲ ಆಜ್ಞೆಗೂ ಮುಂಚೆ ಮಾಡಬೇಕಾಗಿದ್ದ ಕೆಲಸ ಮಾಡಿದ. ಡಿಸ್ಕುಗಳ ಕ್ರಮಸಂಖ್ಯೆ ಕೇಳಿದ. ಅಕ್ಷರಗಳು ಡಿಸ್ಕಿಗೆ ಅಂಟಿರುವುದಿಲ್ಲ. ಪ್ರತಿ ಸಲ ಯಂತ್ರ ಚಾಲೂ ಆದಾಗ ಯಾವುದು ಮೊದಲು ಕಂಡಿತೋ ಅದಕ್ಕೆ ಮೊದಲ ಅಕ್ಷರ. ಮೇಲಿನ ಗೂಡಿನ ಹೊಸ ಡಿಸ್ಕ್ ಬಿ ಆಗಿತ್ತು. ಹಳೆಯದು ಸಿ ಆಗಿತ್ತು. ಅಕ್ಷರ ನಂಬಬೇಡಿ, ಕ್ರಮಸಂಖ್ಯೆ ನೋಡಿ ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದವನು ಅವನೇ. ಆದರೆ ಟೇಪಿನ ಮೇಲಿದ್ದದ್ದು ಅವನದೇ ಕೈಬರಹ. ಅದನ್ನು ನಂಬಿದ್ದ. ಹಳೆ ಡಿಸ್ಕ್ ಆಗ ತೆರೆದೇ ಇದ್ದಿದ್ದರೆ ಯಂತ್ರವೇ ಆಗುವುದಿಲ್ಲ ಎನ್ನುತ್ತಿತ್ತು. ಯಂತ್ರ ನಿಲ್ಲಿಸಿ ಚಾಲೂ ಮಾಡಿದ್ದರಿಂದ ಅದು ಮುಚ್ಚಿತ್ತು. ಆಗಲೂ ಒಂದು ಮಾತು ಕೇಳುತ್ತಿತ್ತು, ಇದರಲ್ಲಿ ಏನೋ ಇದೆ, ಅಳಿಸಲೇ ಎಂದು. ಅದಕ್ಕೂ ಅವನು ಅವಕಾಶ ಕೊಟ್ಟಿರಲಿಲ್ಲ.

ಅಕ್ಕ ಅವನ ಮುಖ ನೋಡಿ ಸ್ಲೇಟಿನಲ್ಲಿ ಪ್ರಶ್ನೆಯ ಗುರುತು ಮಾತ್ರ ಹಾಕಿದಳು.

“ಹೋಯ್ತು ಅಕ್ಕ,” ಎಂದ. “ನಿಂದೂ ಹೋಯ್ತು. ಎಲ್ಲಾ.”

ಎಲ್ಲವೂ ಹೋಗಿರಲಿಲ್ಲ. ಡಿಸ್ಕನ್ನು ಅಂದೇ ಹೊರತೆಗೆದು, ಅಳಿದ ಡಿಸ್ಕುಗಳಿಂದ ಉಳಿದದ್ದನ್ನು ಹೆಕ್ಕುವ ಒಂದು ಪ್ರಯೋಗಾಲಯಕ್ಕೆ ಕಳಿಸಿದರು. ಹದಿನಾರು ದಿನಕ್ಕೆ ಉತ್ತರ ಬಂತು. ಮೊದಲ ಕಾಲು ಭಾಗ ಬರೀ ಸೊನ್ನೆ. ಮಿಕ್ಕಿದ್ದರಲ್ಲಿ ಧ್ವನಿ ತುಣುಕುಗಳು ಸಿಕ್ಕಿವೆ, ಆದರೆ ಫಾರ್ಮ್ಯಾಟ್ ಮಾಡಿದ್ದರಿಂದ ಯಾವ ತುಣುಕಿಗೂ ಹೆಸರಿಲ್ಲ, ದಿನಾಂಕವಿಲ್ಲ. ಐವತ್ತೆರಡು ಸಾವಿರ ತುಣುಕು.

ಎಲ್ಲರೂ ಓದಿದ್ದು ಅವೇ ವಾಕ್ಯಗಳಾದ್ದರಿಂದ ಯಾವುದು ಯಾರದೆಂದು ಮಾತಿನಿಂದ ತಿಳಿಯುವಂತಿರಲಿಲ್ಲ. ಕೇಳಿ ಗುರುತಿಸಬೇಕು. ಒಂದೇ ಧ್ವನಿಯ ತುಣುಕುಗಳನ್ನು ಒಂದೆಡೆ ಕೂಡಿಸುವುದನ್ನು ಯಂತ್ರ ಮಾಡಿಕೊಟ್ಟಿತು. ಆ ಕಟ್ಟುಗಳು ಯಾರವು ಎನ್ನುವುದನ್ನು ಮನೆಯವರೇ ಹೇಳಬೇಕಾಯಿತು. ಫೋನ್ ಮಾಡಿ ಕರೆಯುವ ಕೆಲಸವನ್ನು ಅವನೇ ವಹಿಸಿಕೊಂಡ. ತಪ್ಪು ನನ್ನದು ಎಂದು ಮೊದಲೇ ಹೇಳಿ, ಆಮೇಲೆ ವಿಷಯ ಹೇಳುತ್ತಿದ್ದ.

ಅವರು ಬಂದರು. ಧ್ವನಿ ಕೋಣೆಯ ಮೇಡಂ ಒಬ್ಬೊಬ್ಬರನ್ನೇ ಕೂರಿಸಿ ಕಿವಿಗೆ ಹೆಡ್‌ಫೋನ್ ಇಡುತ್ತಿದ್ದರು. ಒಬ್ಬ ಬಡಗಿ ಗಂಡಸರ ಕಟ್ಟುಗಳಲ್ಲಿ ಮೂವತ್ತೊಂದನ್ನು ಕೇಳಿ, ಮೂವತ್ತೆರಡನೆಯದಕ್ಕೆ ಎದ್ದು ನಿಂತ. “ಅಪ್ಪ,” ಎಂದ, ಕರೆದವರಿಗೆ ಓಗೊಡುವಂತೆ. ಅಪ್ಪ ತೀರಿಹೋಗಿ ಎರಡು ವರ್ಷವಾಗಿತ್ತು. ಒಬ್ಬಾಕೆ ಎಲ್ಲವನ್ನೂ ಕೇಳಿ, ಹೆಡ್‌ಫೋನ್ ತೆಗೆದು, “ಇವ್ರ್ಯಾರೂ ಅಲ್ಲ. ಇನ್ನೂ ಇವೆಯಾ?” ಎಂದಳು.

“ಇಲ್ಲಮ್ಮ,” ಎಂದರು ಮೇಡಂ.

“ಸರಿಯಾಗಿ ನೋಡಿ.”

ಒಟ್ಟು ನೂರ ಐವತ್ತೊಂಬತ್ತು ಜನರ ಧ್ವನಿ ಅವರವರಿಗೆ ಸೇರಿತು. ಐವತ್ತಮೂರು ಜನರದ್ದು ಸೊನ್ನೆಯಾದ ಕಾಲು ಭಾಗದಲ್ಲಿತ್ತು. ಯಂತ್ರ ಬಂದ ಕ್ರಮದಲ್ಲಲ್ಲ, ಖಾಲಿ ಸಿಕ್ಕಲ್ಲಿ ಬರೆಯುತ್ತದೆ; ಕೊನೆಗೆ ಓದಿದ ಅಕ್ಕನ ಮುನ್ನೂರ ಇಪ್ಪತ್ತು ವಾಕ್ಯಗಳೂ ಅದರಲ್ಲೇ.

ಅವನು ಒಪ್ಪಲಿಲ್ಲ. ಯಾವ ಕಟ್ಟಿಗೂ ಸೇರದೆ ಉಳಿದ ಸಾವಿರದ ಚಿಲ್ಲರೆ ತುಣುಕುಗಳನ್ನು ಕೇಳುತ್ತ ಕುಳಿತ. ಬೇರೆ ಕೆಲಸದ ನಡುವೆ ದಿನಕ್ಕೆ ನೂರರಂತೆ ಒಂಬತ್ತು ದಿನ. ಕೆಮ್ಮು, ಕುರ್ಚಿ ಎಳೆದ ಸದ್ದು, ನೀರು ಕುಡಿದ ಸದ್ದು. ಹತ್ತನೆಯ ದಿನ ಮೇಡಂ ಬಾಗಿಲಲ್ಲಿ ನಿಂತು ಹೇಳಿದರು. “ಡಾಕ್ಟ್ರೇ, ಅವು ಮೈಕ್ ಟೆಸ್ಟ್ ರೀ. ಓದೋಕೆ ಮುಂಚೆ ಏನಾದ್ರೂ ಮಾತಾಡಿ ಅಂತೀನಿ, ಹತ್ತು ಹನ್ನೊಂದು ಸೆಕೆಂಡ್. ಅದಕ್ಕೇ ಬೇರೆ ಫೋಲ್ಡರ್ ಇತ್ತು. ಯಾಕೆ ಕಿವಿ ಹಾಳ್ಮಾಡ್ಕೊಳ್ತೀರಾ?”

“ಅಕ್ಕಾನೂ ಮಾಡಿದ್ಳಾ?”

ಮೇಡಂ ಒಳಗೆ ಬಂದರು. ಇನ್ನೊಂದು ಹೆಡ್‌ಫೋನ್ ತಂದು ಪಕ್ಕದಲ್ಲಿ ಕುಳಿತರು. ಮಧ್ಯಾಹ್ನ ಮೂರೂವರೆಗೆ ಸಿಕ್ಕಿತು.

“ಏನ್ ಮಾತಾಡ್ಲಿ ಮೇಡಂ? ಹೆಸರು ಕೂಗೋದೊಂದೇ ನನಗ್ ಗೊತ್ತಿರೋದು. ಕೂಗ್ಲಾ? ಕಿವಿ ಮುಚ್ಕೊಳ್ಳಿ ಮತ್ತೆ. ನನ್ ತಮ್ಮ ಮೇಲ್ಗಡೆ ಇದ್ದಾನೆ, ಅವನ್ನೇ ಕೂಗ್ತೀನಿ, ಬರ್ತಾನೋ ಇಲ್ವೋ ನೋಡೋಣ—”

ಅಲ್ಲಿಗೆ ನಿಂತಿತು. ಹನ್ನೊಂದು ಸೆಕೆಂಡ್.

“ಮುಂದೆ?” ಎಂದ ಅವನು.

“ಮುಂದೆ ಇಲ್ಲ. ಮೈಕ್ ಸರಿಯಾಯ್ತು ಅಂತ ನಾನೇ ನಿಲ್ಲಿಸ್ಬಿಟ್ಟೆ.”

“ಕೂಗಿದ್ಳಾ?”

“ಕೂಗಿದ್ರು. ಕಾರಿಡಾರಿನ ನರ್ಸುಗಳೆಲ್ಲ ಓಡಿ ಬಂದ್ರು. ನೀವು ಅವತ್ತು ರಜೆ.”

ಶುಕ್ರವಾರ ಅಕ್ಕ ಬಂದಳು. ಅವನು ಹೆಡ್‌ಫೋನ್ ಕೊಟ್ಟ. ಅವಳು ಒಮ್ಮೆ ಕೇಳಿದಳು. ಇನ್ನೊಮ್ಮೆ ಎಂದು ಬೆರಳೆತ್ತಿದಳು. ಮೂರನೆಯ ಸಲ ಕೇಳುವಾಗ ಅವಳ ತುಟಿ ಆ ಮಾತುಗಳ ಜೊತೆಗೇ ಚಲಿಸಿತು, ತುಣುಕು ನಿಂತ ಮೇಲೂ ಒಂದು ಸಲ ಚಲಿಸಿತು. ಅದು ಅವನ ಹೆಸರು. ಸದ್ದಿರಲಿಲ್ಲ.

‘ಇಷ್ಟು ಸಾಕಾಗುತ್ತಾ ಆ ಮಾತಾಡೋ ಯಂತ್ರಕ್ಕೆ?’ ಎಂದು ಬರೆದಳು.

“ಇಲ್ಲ ಅಕ್ಕ. ಕೇಳ್ದೆ. ನೂರೈವತ್ತು ವಾಕ್ಯ ಬೇಕೇ ಬೇಕಂತೆ. ಆ ಯಂತ್ರದವರ ಹತ್ರ ರೆಡಿ ಧ್ವನಿ ನಾಲ್ಕಿವೆಯಂತೆ, ಅದ್ರಲ್ಲೊಂದು ಆರಿಸ್ಕೋಬೇಕು.”

ಅವಳು ಬಹಳ ಹೊತ್ತು ಸ್ಲೇಟು ಒರೆಸಿದಳು. ಒರೆಸಿದ ಮೇಲೂ ಒರೆಸಿದಳು. ‘ಯಾವುದಾದ್ರೂ ಪರವಾಗಿಲ್ಲ. ಜೋರಾಗಿರೋದು ತಗೋ,’ ಎಂದು ಬರೆದಳು. ಬಾಗಿಲವರೆಗೆ ಹೋದವಳು ತಿರುಗಿ ಬಂದು ಅವನ ತಲೆಯ ಮೇಲೆ ಸ್ಲೇಟಿನಿಂದ ಒಮ್ಮೆ ಮೊಟಕಿದಳು. ಚಿಕ್ಕಂದಿನಲ್ಲಿ ಅದರ ಹಿಂದೆಯೇ ಬೈಗುಳವೂ ಬರುತ್ತಿತ್ತು. ಅವನು ಅದಕ್ಕಾಗಿ ತಲೆ ತಗ್ಗಿಸಿಕೊಂಡೇ ಕಾದ. ಅವಳು ಹೊರಟುಹೋದಳು.

ಅಂದು ಮಧ್ಯಾಹ್ನ ಅವನು ಹೊಸ ಡಿಸ್ಕಿನ ಕೆಲಸಕ್ಕೆ ಕೂತ. ಗೂಡಿನಿಂದ ಹೊರತೆಗೆದು ಮೈಮೇಲಿನ ಕ್ರಮಸಂಖ್ಯೆಯನ್ನು ಕಾಗದದಲ್ಲಿ ಬರೆದುಕೊಂಡ, ಮತ್ತೆ ಒಳಗಿಟ್ಟ, ಯಂತ್ರ ಹೇಳಿದ ಸಂಖ್ಯೆಯ ಜೊತೆ ಒಂದೊಂದೇ ಅಂಕಿ ಹೋಲಿಸಿದ. ಮೊದಲ ಆಜ್ಞೆ ಬರೆದ. ವೈ ಹಾಕಲಿಲ್ಲ. ಎಂಟರ್ ಒತ್ತಿ, ಯಂತ್ರ ಕೇಳಲಿ ಎಂದು ಕಾದ. ಡಿಸ್ಕಿನಲ್ಲಿ ಏನೂ ಇರಲಿಲ್ಲ. ಹಾಗಾಗಿ ಅದು ಏನೂ ಕೇಳಲಿಲ್ಲ.

ನೂರ ಐವತ್ತೊಂಬತ್ತು ಜನರಿಗೆಂದು ದೊಡ್ಡದೊಂದು ವಾಲ್ಯೂಮ್ ಮಾಡಿದ. ಆಮೇಲೆ ಅಕ್ಕನಿಗೆಂದು ಇನ್ನೊಂದು. ಆ ತುಣುಕು ಒಂದು ಎಂಬಿಗಿಂತ ತುಸು ಕಡಿಮೆ ಇತ್ತು. ಒಂದು ಎಂಬಿ ಎಂದು ಬರೆದ. ಯಂತ್ರ ಅದನ್ನು ನಾಲ್ಕಕ್ಕೆ ಏರಿಸಿರುವುದಾಗಿ ತಿಳಿಸಿತು. ಆ ಗುಂಪಿನಲ್ಲಿ ಅದಕ್ಕಿಂತ ಚಿಕ್ಕ ಪಾಲು ಇರುವುದಿಲ್ಲ.

ಧ್ವನಿಯನ್ನು ಅದರೊಳಗೆ ನಕಲು ಮಾಡಿದ. ಎಷ್ಟು ಖಾಲಿ ಇದೆ ಎಂದು ನೋಡಿದ. ಅರ್ಧಕ್ಕಿಂತ ಹೆಚ್ಚು ಇತ್ತು.