ಕೋಟೆಯ ಮೇಲಿನ ವಡಾಪಾವ್

“ಬಟಾಟಿ!” ಎಂದರು ಭೂಪಾಲ ಅಜ್ಜ, ಕನ್ನಡಕವನ್ನು ಮೂಗಿನ ತುದಿಗಿಳಿಸಿ. “ಅದೂ ಹೊತ್ತು ಮುಳಗಿದ ಮ್ಯಾಲೆ! ಏನವಾ ಇದು?”

ಪ್ರಿಯದರ್ಶನಿ ಕೈಯಲ್ಲಿದ್ದ ಪೆನ್ನನ್ನು ಮುರಿದೇ ಬಿಡುತ್ತಿದ್ದಳು. ಅವಳು ಬರೆದದ್ದು ನೂರಾ ಎಂಬತ್ತು ಪುಟದ ಕಾದಂಬರಿ. ಬಸದಿಯ ಗಂಟೆ ಕಳುವಾಗುತ್ತದೆ, ಕೊಲ್ಲಾಪುರದ ಕಾಲೇಜು ಹುಡುಗಿ ಪದ್ಮಶ್ರೀ ಕಳ್ಳನ ಬೆನ್ನು ಹತ್ತುತ್ತಾಳೆ, ಸಮರ್ಥನೆಂಬ ಹುಡುಗ ಅವಳ ಬೆನ್ನು ಹತ್ತುತ್ತಾನೆ. ಇಬ್ಬರೂ ಒಂದೇ ಬೈಕಿನಲ್ಲಿ ಗಡಹಿಂಗ್ಲಜದವರೆಗೆ ಹೋದರೂ ಅಜ್ಜ ಕೆಮ್ಮಲಿಲ್ಲ. ಎರಡು ಸಲ ಕೈ ಹಿಡಿದುಕೊಂಡರೂ ಸುಮ್ಮನೆ ಪುಟ ತಿರುಗಿಸಿದರು. ಅಮಾವಾಸ್ಯೆಯ ರಾತ್ರಿ ಸಾಮಾನಗಡದ ಕೋಟೆ ಹತ್ತಿದರೂ ಚಕಾರವಿಲ್ಲ. ಕೋಟೆಯ ಮೇಲೆ ಕುಳಿತು ವಡಾಪಾವ್ ತಿಂದದ್ದೇ ತಡ, ಆಕಾಶ ಕಳಚಿ ಬಿತ್ತು.

“ಆಕಿ ಮುಂಜಾನಿಂದ ಉಪಾಸ ಅದಾಳ್ರಿ ಅಜ್ಜಾ. ಮತ್ತ ಆಕಿ ಜೈನರಾಕಿ ಅಂತ ನಾ ಎಲ್ಲೂ ಬರದಿಲ್ಲ.”

“ಹೆಸರ ಪದ್ಮಶ್ರೀ ಇಟ್ಟೀದಿ, ಬಸ್ತಿ ಗಂಟಿ ಹುಡಕಾಕ ಹಚ್ಚೀದಿ, ಜೈನರಾಕಿ ಅಲ್ಲಂತ! ಜೈನರ ಹುಡಗಿ ನೆಲದಾಗಿನ ಗಡ್ಡಿ ತಿಂದಾಳಂತ ಓದಿದರ ನಾಕ ಮಂದಿ ಏನಂದಾರು? ಅದನ್ನ ತಗದ ಹಾಕು.”

“ತಗಿಯಾಕ ಬರೂದಿಲ್ರಿ! ವಡಾ ಸುತ್ತಿದ ಕಾಗದದಾಗ ಕಳ್ಳನ ಸುಳಿವ ಐತಿ!”

“ಹಂಗಾರ ಬಾಳಿಹಣ್ಣ ಸುತ್ತು.” ಅಜ್ಜ ಒಂದು ಕ್ಷಣ ಯೋಚಿಸಿದರು. “ಉಂಹೂಂ, ಬಾಳಿಹಣ್ಣೂ ಬ್ಯಾಡ. ಹೊತ್ತ ಮುಳಗೇತಲ್ಲ.”

ಹದಿನೆಂಟು ತುಂಬದವರಿಗೆಂದು ಬೆಳಗಾವಿಯ ಪ್ರಕಾಶನವೊಂದು ಕಾದಂಬರಿ ಸ್ಪರ್ಧೆ ಇಟ್ಟಿತ್ತು. ಗೆದ್ದ ಕಾದಂಬರಿ ಪುಸ್ತಕವಾಗುತ್ತದೆ. ಕೈಬರಹದ ಪ್ರತಿಯ ಜೊತೆ ಮನೆಯ ಹಿರಿಯರ ಸಹಿಯಿದ್ದ ಫಾರ್ಮು ಇರಬೇಕು, ಕಳಿಸಲು ಇವತ್ತು ಕೊನೆಯ ದಿನ, ಇಚಲಕರಂಜಿಯ ಕುರಿಯರ್ ಅಂಗಡಿಯ ಬಾಗಿಲು ಏಳಕ್ಕೆ ಬೀಳುತ್ತದೆ. ಅಪ್ಪ ಆಶಿಷನನ್ನು ಸಹಿ ಕೇಳಿದರೆ, “ಮೊದಲ ನಮ್ಮಪ್ಪ ಓದಲಿ, ಆಮ್ಯಾಲೆ ನೋಡೂನು,” ಎಂದು ಯಡ್ರಾವದ ತಮ್ಮ ಮನೆಯ ಮುಂಭಾಗದಲ್ಲೇ ಇದ್ದ ಮಗ್ಗದ ಶೆಡ್ಡಿಗೆ ನುಸುಳಿಕೊಂಡಿದ್ದ. ನಲವತ್ತೈದು ವರ್ಷದ ಗಂಡಸು! ಅಜ್ಜನೋ, ಎಂಟು ದಿನ ಫೈಲನ್ನು ದಿಂಬಿನ ಪಕ್ಕ ಇಟ್ಟುಕೊಂಡು, ಇವತ್ತು ಬೆಳಿಗ್ಗೆ ಹತ್ತಕ್ಕೆ ಬಿಚ್ಚಿದ್ದರು. ಅದೂ ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು ಓದುವ ಗತಿಯಲ್ಲಿ. ಮರಾಠಿ ಶಾಲೆಗೆ ಹೋಗುವ ಮೊಮ್ಮಗಳಿಗೆ ಕನ್ನಡ ಅಕ್ಷರ ತಿದ್ದಿಸಿದ್ದು ಇದೇ ಬೆರಳು. ಯಾಕಾದರೂ ಕಲಿತೆನೋ ಎಂದುಕೊಂಡಳು ಪ್ರಿಯದರ್ಶನಿ.

ಅವಳು ಫೈಲನ್ನು ಎಳೆದುಕೊಂಡು ವಡಾಪಾವಿನ ಮೂರು ಸಾಲುಗಳ ಮೇಲೆ ಬರ್ರೆಂದು ಗೀಟು ಎಳೆದಳು. “ತಗೋರಿ. ಉಪಾಸ ಸಾಯಲಿ. ಈಗರ ಸಹಿ ಮಾಡ್ರಿ.”

“ಪೂರಾ ಓದದ ಸಹಿ ಮಾಡೂದಿಲ್ಲ ನಾ,” ಎಂದು ಅಜ್ಜ ಮತ್ತೆ ಬೆರಳಿಟ್ಟರು.

ಐದೂವರೆಗೆ ಅಡುಗೆಮನೆಯಿಂದ ಅವ್ವ ಶಾಲನ ಕರೆದಳು. “ಮಾವಾರ, ತಾಟ ಹಚ್ಚೇನ್ರಿ.”

ಐದೂವರೆ ಎಂದರೆ ಐದೂವರೆ. ಅರವತ್ತು ವರ್ಷದಿಂದ ಅಜ್ಜ ಹೊತ್ತು ಮುಳುಗುವ ಮೊದಲೇ ಉಂಡು ಕೈ ತೊಳೆದವರು. ಮಗನ ಮದುವೆಯ ಮೆರವಣಿಗೆ ತಡವಾದಾಗ ಬೀಗರ ಅಂಗಳದಲ್ಲಿ ಒಬ್ಬರೇ ಕುಳಿತು ಉಂಡಿದ್ದರಂತೆ. ಈಗ ಮಾತ್ರ “ಹಾಂ” ಎಂದವರು ಅಲ್ಲಾಡಲಿಲ್ಲ.

“ಹೊತ್ತ ಮುಳಗಾಕತ್ತೈತ್ರಿ!” ಶಾಲನ ಮತ್ತೆ ಕೂಗಿದಳು.

“ಬಂದೆ, ಬಂದೆ.”

“ಅಜ್ಜಾ, ಉಣ್ಣಾಕರ ಹೋಗ್ರಿ, ಇಲ್ಲಾ ಸಹಿಯರ ಮಾಡ್ರಿ!” ಪ್ರಿಯದರ್ಶನಿಗೆ ಅಳುವೇ ಬಂದಿತ್ತು.

“ತಡಿಯವಾ. ನಿನ್ನ ಕತಿಯಾಗಿನ ಆ ಪೂಜಾರಿ ಗುರವ ಸುಳ್ಳ ಹೇಳಾಕತ್ತಾನ ಅನಸ್ತೈತಿ.”

ಕಿಟಕಿಯ ಸರಳುಗಳ ಬಿಸಿಲು ಗೋಡೆ ಹತ್ತಿ, ಸಣ್ಣದಾಗಿ, ಹೋಯಿತು. ರೊಟ್ಟಿ, ಹೆಸರುಕಾಳು, ಮೊಸರಿನ ತಾಟನ್ನು ಹಿಡಿದು ಶಾಲನ ಹೊಸ್ತಿಲವರೆಗೆ ಬಂದಳು. ಹೊರಗೆ ನೋಡಿದಳು, ಮಾವನನ್ನು ನೋಡಿದಳು, ತಾಟಿನ ಮೇಲೆ ಇನ್ನೊಂದು ತಾಟು ಮುಚ್ಚಿ ಮೂಲೆಗಿಟ್ಟಳು. ಇನ್ನು ನಾಳೆ ಬೆಳಗಿನವರೆಗೆ ನೀರೂ ಇಲ್ಲ.

“ಲೈಟ್ ಹಚ್ಚವಾ, ಅಕ್ಷರ ಕಾಣವಲ್ಲವು,” ಎಂದ ಅಜ್ಜ ತಲೆ ಎತ್ತಿದವರು ಕಿಟಕಿಯ ಕಡೆ ನೋಡುತ್ತ ಹಾಗೇ ಉಳಿದರು. ಆಮೇಲೆ ಮೂಲೆಯ ತಾಟನ್ನು ನೋಡಿದರು. “ಹೋಗಲಿ ಬಿಡು,” ಎಂದು ಮತ್ತೆ ಪುಟಕ್ಕೆ ಬಗ್ಗಿದರು.

ಆರೂ ಮುಕ್ಕಾಲು ಆಗುತ್ತ ಬಂದಾಗ ಆಶಿಷ ಅಂಗಳದಲ್ಲಿ ಸ್ಕೂಟರ್ ಚಾಲೂ ಮಾಡಿ ಹಾರ್ನ್ ಬಾರಿಸತೊಡಗಿದ. ಸಹಿ ಮಾಡುವ ಧೈರ್ಯವಿಲ್ಲ, ಹಾರ್ನಿಗೇನೂ ಕಡಿಮೆಯಿಲ್ಲ! ಅಜ್ಜ ಹಿಂದಿನ ಪುಟಗಳನ್ನು ಮಗುಚಿ, ಎಲ್ಲೋ ನಿಂತು, “ಪೆನ್ನ ಕೊಡು,” ಎಂದರು. ಮೊಣಕಾಲ ಮೇಲೆ ಫೈಲಿಟ್ಟುಕೊಂಡು ನಿಧಾನವಾಗಿ ಬರೆದರು. ಅವರು ಮುಚ್ಚುವುದೇ ತಡ, ಪ್ರಿಯದರ್ಶನಿ ಫೈಲನ್ನು ಕಸಿದುಕೊಂಡು ಓಡಿದಳು.

“ಏ, ಕಳ್ಳ ಯಾರಂತ ಹೇಳಿ ಹೋಗು! ಇನ್ನ ಹತ್ತ ಪುಟ ಉಳದಾವು!”

“ಬುಕ್ಕ ಆದ ಮ್ಯಾಲೆ ಓದ್ರಿ!”

ಕುರಿಯರ್ ಅಂಗಡಿಯ ಶಟರ್ ಅರ್ಧ ಇಳಿದಿತ್ತು. “ಲವಕರ್ ದ್ಯಾ, ತಾಯಿ, ಬಂದ್ ಕರತೋಯ್,” ಎಂದು ಅಂಗಡಿಯವನು ಮರಾಠಿಯಲ್ಲಿ ಅವಸರಪಡಿಸಿದ. ಪ್ರಿಯದರ್ಶನಿ ಫೈಲಿನ ಮೇಲಿನ ಫಾರ್ಮು ತೆಗೆದು ಕೊಡಹೋದವಳು ಕಲ್ಲಾದಳು. ಸಹಿಯ ಜಾಗ ಖಾಲಿ.

“ಅರೇ ದೇವಾ! ಏನ ಮನಶ್ಯಾ ಅದಾನಪ್ಪಾ ಈ ಅಜ್ಜ! ಪೆನ್ನ ಇಸಕೊಂಡ ಏನ ಬರದ ಮತ್ತ?”

ಪರಪರ ಪುಟ ತಿರುವಿದಳು. ನೂರಾ ಹನ್ನೆರಡನೆಯ ಪುಟದಲ್ಲಿ, ಅವಳು ಗೀಟು ಹೊಡೆದ ಮೂರು ಸಾಲುಗಳ ಪಕ್ಕದಲ್ಲಿ, ನಡುಗುವ ಅಕ್ಷರ ಮಾರ್ಜಿನ್ನಿನ ಉದ್ದಕ್ಕೂ ಇಳಿದಿತ್ತು: ‘ತಿನ್ನಲಿ, ಪಾಪ. ಹುಡುಗಿಗೆ ಹಸಿವೆ ಆಗೇತಿ.’ ಕೆಳಗೆ ಪೂರ್ತಿ ಹೆಸರಿನ ಸಹಿ, ತಾರೀಖು ಸಮೇತ.

ಆಶಿಷ ಅವಳ ಹೆಗಲ ಮೇಲಿಂದ ಬಗ್ಗಿ ಎರಡು ಸಲ ಓದಿದ. “ಅಪ್ಪಾ ಉಂಡಾನೇನು?”

“ಇಲ್ಲ. ಓದಕೋತ ಕುಂತ್ರು.”

ಅವನು ಅಂಗಿಯ ಕಿಸೆಯಿಂದ ಪೆನ್ನು ತೆಗೆದು, ಕೌಂಟರಿನ ಮೇಲೆ ಫಾರ್ಮು ಹರಡಿ, ತನ್ನ ಹೆಸರು ಬರೆದ. ಪ್ರಿಯದರ್ಶನಿ ಅದೇ ಪೆನ್ನನ್ನು ಕಸಿದುಕೊಂಡು, ಅಂಗಡಿಯವನ ಗೊಣಗಾಟದ ನಡುವೆ, ಮೂರು ಸಾಲುಗಳನ್ನು ಹಾಳೆಯ ಕೆಳಗೆ ಮತ್ತೆ ಬರೆದಳು. ಅಜ್ಜನ ಅಕ್ಷರದ ತಂಟೆಗೆ ಹೋಗಲಿಲ್ಲ.

ಮನೆಗೆ ಬಂದಾಗ ಅಜ್ಜ ಅದೇ ದೀಪದ ಕೆಳಗೆ, ಖಾಲಿ ಕೈ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಕಳ್ಳ ಯಾರೆಂದು ಕೇಳುವವರ ಮುಖ ಮಾಡಿದರು. ಮಗಳಿಗೆ ಶಾಲನ ತಾಟು ತಂದಿಟ್ಟಳು. ಮಧ್ಯಾಹ್ನದಿಂದ ಪ್ರಿಯದರ್ಶನಿಯ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ.

“ಒಂದ ಸಲಾನ ಹೇಳತೇನಿ,” ಎಂದಳು ಪ್ರಿಯದರ್ಶನಿ, ಸಿಟ್ಟು ಇನ್ನೂ ಇಳಿಯದ ದನಿಯಲ್ಲಿ. “ನಡುವ ಬಾಯಿ ಹಾಕಬ್ಯಾಡ್ರಿ.”

ತನ್ನ ತಾಟಿಗೂ ಒಂದು ತಾಟು ಮುಚ್ಚಿ, ಮೂಲೆಯಲ್ಲಿದ್ದ ಅಜ್ಜನ ತಾಟಿನ ಪಕ್ಕಕ್ಕೆ ಸರಿಸಿ, ಅವರ ಮಂಚದ ಮೇಲೆ ಕಾಲು ಮಡಚಿ ಕುಳಿತಳು.