ನೀರು ಕುಡಿದ, ಎದ್ದು ಕೂತ

ಸ್ವಲ್ಪ ಕೂತ್ಕೊಳ್ಳಿ, ಇದನ್ನ ಪೂರ್ತಿ ಕೇಳಿಬಿಡಿ. ಮಧ್ಯದಲ್ಲಿ "ಹೂಂ ಹೂಂ, ಗೊತ್ತಾಯ್ತು" ಅಂತ ಎದ್ದು ಹೋಗಬೇಡಿ. ಅರ್ಧ ಕೇಳಿದವರೆಲ್ಲ ರೇಡಿಯೋ ಅಣ್ಣನಿಗೆ ಬಾಯಿಗೆ ಬಂದ ಹಾಗೆ ಬೈದು ಹೋಗಿದಾರೆ. ನಾನು ಆವತ್ತು ಅವನ ಪಕ್ಕದಲ್ಲೇ ಕೂತಿದ್ದೆ, ಮೊಣಕೈಗೆ ಮೊಣಕೈ ತಾಗೋ ಹಾಗೆ.

ನಾನು ಕೆಲಸ ಮಾಡೋದು ಊರಿನ ಕೇಬಲ್ ಚಾನೆಲ್‌ನಲ್ಲಿ. ಊರಿನ ಫುಟ್‌ಬಾಲ್ ಲೀಗ್ ಲೈವ್ ತೋರಿಸ್ತೀವಿ. ತೋರಿಸ್ತೀವಿ ಅನ್ನೋದು ದೊಡ್ಡ ಮಾತು ಬಿಡಿ. ನಮ್ಮ ಚಾನೆಲ್‌ನಲ್ಲಿ ಗೋಲ್ ನೋಡಿದವರು ಕಡಿಮೆ, ಗೋಲ್ ಆಯ್ತಂತೆ ಅಂತ ಕೇಳಿಸ್ಕೊಂಡವರೇ ಜಾಸ್ತಿ. ಚೆಂಡು ಎಡಕ್ಕೆ ಹೋದ್ರೆ ಕ್ಯಾಮೆರಾ ಬಲಕ್ಕೆ. ಒಂದ್ಸಲ ಎರಡೂ ತಂಡದ ಹೆಸರು ಅದಲುಬದಲಾಗಿ ಬಿದ್ದು, ಗೆದ್ದವರ ಮನೇಲಿ ಟಿವಿ ಆಫ್ ಮಾಡಿ ಮಲ್ಕೊಂಡ್ರಂತೆ. ಇದನ್ನೆಲ್ಲ ನೋಡಿ ನೋಡಿ ಹಲ್ಲು ಕಡೀತಾ ಬೆಳೆದವಳು ನಾನು. ಒಂದಿನ ನಾನೇ ಹೋಗಿ ಸರಿ ಮಾಡ್ತೀನಿ ಅಂತ ಹಠ ಹಿಡಿದು ಸೇರ್ಕೊಂಡೆ. ನನ್ನ ಕೆಲಸ ಏನಪ್ಪಾ ಅಂದ್ರೆ, ಗ್ರೌಂಡಿನಿಂದ ಎರಡು ಕ್ಯಾಮೆರಾ ಚಿತ್ರ ಬರುತ್ತೆ, ಅದರಲ್ಲಿ ಯಾವುದು ಮನೆಗಳಿಗೆ ಹೋಗಬೇಕು ಅಂತ ಬಟನ್ ಒತ್ತೋದು.

ಚಾನೆಲ್‌ನಲ್ಲಿ ಚೆನ್ನಾಗಿದ್ದಿದ್ದು ಒಂದೇ, ರೇಡಿಯೋ ಅಣ್ಣನ ಕಾಮೆಂಟರಿ. ಅಬ್ಬಾ ಆ ಗಂಟಲು! ಬಾಯಿ ಮುಚ್ಚಲ್ಲ ಅಂತ ಆ ಹೆಸರು ಬಿದ್ದಿದ್ದು. "ನಾನು ಕೂತಿರೋ ಕಡೆಯಿಂದ ಗಾಳಿ ಜೋರಾಗಿ ಬೀಸ್ತಾ ಇದೆ, ಗೋಲ್ ಬಲೆ ಅಲ್ಲಾಡೋದು ನನ್ನ ಕಣ್ಣೆದುರಿಗೇ ಕಾಣ್ತಿದೆ" ಅಂದ್ರೆ ಮನೇಲಿ ಕೂತವರು ಕಿಟಕಿ ಹಾಕ್ಕೋಬೇಕು, ಹಂಗೆ.

ಆದ್ರೆ ಅವನು ಗ್ರೌಂಡಲ್ಲಿ ಇರ್ತಾನೇ ಇರಲಿಲ್ಲ.

ಇದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗ್ರೌಂಡ್ ಊರಿನ ಆ ತುದಿ, ನಮ್ಮ ಆಫೀಸು ಈ ತುದಿ. ಅಲ್ಲಿಗೆ ಇನ್ನೊಂದು ಲೈನ್ ಎಳೆಯೋದು ದಂಡ ಅಂತ ಓನರ್ ನಮ್ಮಿಬ್ಬರನ್ನೂ ಆಫೀಸಿನ ಒಂದು ಕೋಣೇಲಿ ಕೂರಿಸಿದ್ರು. ಮೊದಲು ಅದು ಹಳೇ ವೈರು ಇಡೋ ಕೋಣೆ. ಗೋಡೆಗೆ ಹಾಸಿಗೆ ಸ್ಪಂಜು ಅಂಟಿಸಿದ್ರು, ಬಾಗಿಲು ಹಾಕಿದ್ರೆ ಕುಕ್ಕರ್ ಒಳಗೆ ಕೂತ ಹಾಗೆ. ಅಣ್ಣ ನೋಡ್ತಿದ್ದಿದ್ದು ಮನೇಲಿ ನೀವು ನೋಡೋ ಟಿವಿ ಚಿತ್ರವನ್ನೇ. ಗಾಳಿ ಇದೆಯಾ, ಬಿಸಿಲಿದೆಯಾ ಅಂತ ಕ್ಯಾಮೆರಾದ ಕೊಕ್ಕರೆಗೆ ಫೋನ್ ಮಾಡಿ ಕೇಳ್ಕೊಳ್ಳೋನು. ಕೊಕ್ಕರೆ ಅಂದ್ರೆ ಗೋಲ್ ಹಿಂದೆ ನಿಲ್ಲೋ ನಮ್ಮ ಕ್ಯಾಮೆರಾಮನ್, ಉದ್ದ ಕಾಲು, ಸ್ಟೂಲ್ ಮೇಲೆ ಒಂಟಿ ಕಾಲಲ್ಲಿ ನಿಲ್ತಾನೆ, ಅದಕ್ಕೆ.

"ಯಾಕಣ್ಣ ಹಿಂಗೆ ಬುರುಡೆ ಬಿಡ್ತೀಯ?" ಅಂದ್ರೆ, "ಪುಟ್ಟಿ, ನೀನು ಚಿತ್ರ ಕೆಡಿಸ್ತೀಯ, ನಾನು ಅದಕ್ಕೆ ಬಣ್ಣ ಹಚ್ತೀನಿ. ಇಬ್ರೂ ಸೇರಿ ಒಂದು ಸಂಸಾರ" ಅನ್ನೋನು.

ಆ ಚಿತ್ರ ಕೆಡಿಸ್ತಿದ್ದಿದ್ದು ನಾನಲ್ಲ ಮತ್ತೆ! ಕೆಳಗಡೆ ಓಡೋ ಜಾಹೀರಾತು ಪಟ್ಟಿ. ಅದು ಓನರ್ ಕೋಣೆಯ ಮೆಷೀನಿಂದ ಬೀಳೋದು, ನನ್ನ ಕೈಗೆ ಸಿಗ್ತಿರಲಿಲ್ಲ. ನಮ್ಮ ಕೋಣೇಲಿದ್ದ ಒಂದೇ ಪರದೆಗೂ ಪಟ್ಟಿ ಬಿದ್ದ ಚಿತ್ರವೇ ಬರೋದು. ಮೊದಲು ಬೆರಳಗಲ ಇತ್ತು. ಆಮೇಲೆ ಪೈಪಿನ ಅಂಗಡಿ, ಹಲ್ಲಿನ ಡಾಕ್ಟ್ರು, ಕಾರು ಕಲಿಸೋರು ಎಲ್ಲ ಸೇರ್ಕೊಂಡು ಪರದೆಯ ಮೂರನೇ ಒಂದು ಭಾಗ ನುಂಗಿಬಿಡ್ತು. "ಸಾರ್, ಚೆಂಡು ಪಟ್ಟಿ ಕೆಳಗೆ ಹೋಗ್ತಿದೆ" ಅಂದೆ. "ಹೋದ್ರೆ ವಾಪಸ್ ಬರುತ್ತೆ ಕಣಮ್ಮ, ಅದೇನು ಅಲ್ಲೇ ಮನೆ ಮಾಡ್ಕೊಳುತ್ತಾ?" ಅಂದ್ರು.

ರೇಡಿಯೋ ಅಣ್ಣನ ತಮ್ಮ ಊರಿನ ತಂಡದ ಗೋಲ್‌ಕೀಪರ್. ಇಬ್ಬರಿಗೂ ಅಮ್ಮ ಒಬ್ಬರೇ ದಿಕ್ಕು, ಅಪ್ಪ ಇಲ್ಲ. ಮನೆ ಗ್ರೌಂಡಿಗೆ ಎರಡು ಬೀದಿ ಆಚೆ. ಆದ್ರೂ ಅಮ್ಮ ಮ್ಯಾಚಿಗೆ ಹೋಗ್ತಿರಲಿಲ್ಲ. "ಅಲ್ಲಿ ಹೋದ್ರೆ ಚಿಕ್ಕೋನು ಒಬ್ಬನೇ ಕಾಣ್ತಾನೆ. ಟಿವೀಲಿ ಇಬ್ರೂ ಸಿಗ್ತಾರೆ" ಅನ್ನೋರು. ಅಣ್ಣನೂ ಬಿಡ್ತಿರಲಿಲ್ಲ, ತಮ್ಮ ಚೆಂಡು ಹಿಡಿದಾಗೆಲ್ಲ "ಇವರಮ್ಮ ಏನು ಹಾಕಿ ಬೆಳೆಸಿದಾರೋ" ಅಂತ ಒಂದು ಚುಚ್ಚು. ಅಮ್ಮ ಮನೇಲಿ ಬಿದ್ದು ಬಿದ್ದು ನಗೋರಂತೆ. ಅಮ್ಮನಿಗೂ ದೊಡ್ಡೋನು ಗ್ರೌಂಡಲ್ಲೇ ಇದಾನೆ ಅಂತಾನೇ ಲೆಕ್ಕ. ಅವನು ಹೇಳಿರಲಿಲ್ಲ, ತಮ್ಮನೂ ಬಾಯಿ ಬಿಟ್ಟಿರಲಿಲ್ಲ. ಮಗ ಸ್ಪಂಜಿನ ಗೂಡಲ್ಲಿ ಕೂತು ಕೂಗ್ತಾನೆ ಅಂತ ಯಾವ ಅಮ್ಮನಿಗೆ ಹೇಳೋಕೆ ಬಾಯಿ ಬರುತ್ತೆ?

ಆವತ್ತು ಮಧ್ಯಾಹ್ನ, ನಮ್ಮೂರ ತಂಡ ಒಂದು ಗೋಲ್ ಮುಂದಿತ್ತು. ಕಾರ್ನರ್ ಕಿಕ್. ಚೆಂಡು ಗಾಳೀಲಿ ತೇಲಿ ಬಂತು, ತಮ್ಮ ಹಾರಿದ, ಎದುರಾಳಿ ಒಬ್ಬ ಹಾರಿದ, ಇಬ್ರೂ ಪಟ್ಟಿ ಕೆಳಗೆ ಹೋದ್ರು. ಪರದೆ ಮೇಲೆ ಕಂಡಿದ್ದು ಅಷ್ಟೇ. ಚೆಂಡು ಹೊರಗೆ ಉರುಳಿತು. ಎದುರಾಳಿ ಎದ್ದ, ತಲೆ ಹಿಡ್ಕೊಂಡು ನಿಂತ. ತಮ್ಮ ಮಾತ್ರ ಪೈಪಿನ ಅಂಗಡಿ ಜಾಹೀರಾತಿನ ಹಿಂದೆ ಎಲ್ಲೋ ಇದ್ದ. ಸುತ್ತ ನಿಂತವರ ಭುಜ ಕಾಣ್ತಿತ್ತು, ತಲೆ ಕಾಣ್ತಿತ್ತು, ಕೆಳಗೆ "ಒಂದು ಕೊಂಡರೆ ಒಂದು ಉಚಿತ" ಅಂತ ಓಡ್ತಿತ್ತು.

ನಾನು ಬಟನ್ ಒತ್ತಿ ಕೊಕ್ಕರೆ ಕ್ಯಾಮೆರಾಗೆ ಹೋದೆ. ಬರೀ ಹುಲ್ಲು, ಅದೂ ಅಡ್ಡಡ್ಡ. ಅವನು ಕ್ಯಾಮೆರಾ ಎಸೆದು ಓಡಿದ್ದ. ಗಾಬರಿಯಾಗಿ ವಾಪಸ್ ಮೊದಲಿನದಕ್ಕೇ ಬಂದೆ.

ಅಷ್ಟರಲ್ಲಿ ಕೊಕ್ಕರೆ ಹೆಡ್‌ಫೋನಲ್ಲಿ, ಏದುಸಿರು ಬಿಡ್ತಾ: "ಅಣ್ಣಾ, ಕಂಬಕ್ಕೆ ತಲೆ ಬಡೀತು. ಏಳ್ತಿಲ್ಲ ಕಣಣ್ಣ. ಏನೋ ಸರಿ ಇಲ್ಲ."

ಅಣ್ಣನ ಮೈಕ್ ಪಕ್ಕ ಕೆಮ್ಮೋ ಬಟನ್ ಅಂತ ಒಂದಿದೆ. ಕೆಮ್ಮು ಬಂದ್ರೆ ಅದನ್ನ ಒತ್ತಿ ಹಿಡಿದ್ರೆ ಮನೆಗಳಿಗೆ ಕೇಳಲ್ಲ, ನಮಗಷ್ಟೇ ಕೇಳುತ್ತೆ. ಅಣ್ಣ ಅದನ್ನ ಒತ್ತಿದ. ಒತ್ತಿ, ನಕ್ಕ.

"ಬಿಡೋ, ನಾಟಕ ಅದು. ಒಂದು ಗೋಲ್ ಮುಂದಿದಾರಲ್ಲ, ಟೈಮ್ ತಿಂತಿದಾನೆ. ಸ್ಕೂಲಿಗೆ ಹೋಗಲ್ಲ ಅಂತ ಚಿಕ್ಕವನಿದ್ದಾಗ್ಲೂ ಹಿಂಗೇ ಬೀಳೋನು. ಅಮ್ಮ ಪ್ರತಿ ಸಲ ನಂಬಿಬಿಡೋಳು, ಪಾಪದ್ದು."

ಬಟನ್ ಬಿಟ್ಟ. ಊರಿಗೆಲ್ಲ ಕೇಳೋ ಹಾಗೆ, ಅದೇ ಚಂದದ ಗಂಟಲಲ್ಲಿ: "ಏನೂ ಗಾಬರಿ ಬೇಡ. ನನ್ನ ಕಣ್ಣೆದುರೇ ಇದಾನೆ. ನೀರು ಕುಡಿದ, ಎದ್ದು ಕೂತ, ಇನ್ನೇನು ನಿಲ್ತಾನೆ."

ಅವನಿಗೆ ಏನೂ ಕಂಡಿರಲಿಲ್ಲ ರೀ. ದಿನಾ ಗಾಳಿ ಬೀಸಿಸ್ತಿದ್ದ ಹಾಗೆ ಆವತ್ತು ನೀರು ಕುಡಿಸಿದ.

ಆಮೇಲೆ ಕೊಕ್ಕರೆ ಕಿರುಚಿದ, "ಅಣ್ಣಾ, ಕಿವಿಯಿಂದ ರಕ್ತ ಬರ್ತಿದೆ!" ಓನರ್ ಅವರ ಕೋಣೆಯಿಂದ ಅದೇ ಲೈನಲ್ಲಿ "ಏ ಸುಮ್ನಿರೋ, ಲೈವ್ ಇದೀವಿ" ಅಂದ್ರು. ಅಣ್ಣನ ಮುಖ ಹೆಂಗಾಯ್ತು ಅಂತ ನಾನು ನೋಡಿದೀನಿ, ಅದನ್ನ ಹೇಳೋಕೆ ಬರಲ್ಲ ನಂಗೆ. ಹೆಡ್‌ಫೋನ್ ಕಿತ್ತು ಓಡಿದ. ಊರಿನ ಈ ತುದಿಯಿಂದ ಆ ತುದಿಗೆ, ಸಂತೆ ಬಿಟ್ಟ ಹಾಗೆ ಟ್ರಾಫಿಕ್ಕು. ಅವನು ಮುಟ್ಟೋ ಹೊತ್ತಿಗೆ ಗ್ರೌಂಡ್ ಖಾಲಿ. ಆಸ್ಪತ್ರೆಗೆ ಹೋದ. ಅಷ್ಟರಲ್ಲಿ ತಮ್ಮ ಜೀವ ಬಿಟ್ಟಿದ್ದ. ದಾರೀಲೇ ಅಂತೆ. ಪಕ್ಕದಲ್ಲಿ ಕೊಕ್ಕರೆ ಒಬ್ಬನೇ ಇದ್ದನಂತೆ, ಕೈ ಹಿಡ್ಕೊಂಡು.

ಈಗ ಅಮ್ಮನ ವಿಷಯ. ಮಗ ಪಟ್ಟಿ ಕೆಳಗೆ ಹೋದೋನು ಏಳದೇ ಇದ್ದಿದ್ದು ನೋಡಿ ಅವರು ಚಪ್ಪಲಿ ಹಾಕ್ಕೊಂಡು ಬಾಗಿಲ ತನಕ ಬಂದಿದ್ರು. ಎರಡೇ ಬೀದಿ. ಆಗ ಟಿವಿಯಿಂದ ದೊಡ್ಡ ಮಗನ ಧ್ವನಿ ಬಂತು. ನೀರು ಕುಡಿದ, ಎದ್ದು ಕೂತ. ಅಮ್ಮ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತ್ರು.

ಎಲ್ಲ ಮುಗಿದ ಮೇಲೆ ಅಣ್ಣ ಮನೆಗೆ ಹೋದ್ರೆ ಅಮ್ಮ ಬಾಗಿಲು ತೆಗೀಲಿಲ್ಲ. ಒಳಗಿಂದಲೇ, "ಕಣ್ಣೆದುರೇ ಇಟ್ಕೊಂಡು ಸುಳ್ಳು ಹೇಳಿದ್ಯಲ್ಲೋ. ನಾಲ್ಕು ಹೆಜ್ಜೆ ಹೋಗಿ ಮುಟ್ಟೋಕಾಗ್ಲಿಲ್ವೇನೋ ನಿಂಗೆ? ನಾನಾದ್ರೂ ಹೋಗ್ತಿದ್ನಲ್ಲೋ" ಅಂದ್ರಂತೆ.

"ಅಮ್ಮ, ನಾನು ಅಲ್ಲಿ ಇರ್ಲೇ ಇಲ್ಲ. ನಾನೂ ನಿನ್ನ ಹಾಗೆ ಟಿವಿ ನೋಡ್ತಿದ್ದೆ."

"ಇಷ್ಟು ವರ್ಷದ ಗಾಳಿ, ಬಿಸಿಲು, ಬಲೆ? ಎಲ್ಲ ಟಿವೀಲಿ ಬಂತಾ? ಸತ್ತೋನ ಹೆಸರಲ್ಲಿ ಇನ್ನೊಂದು ಸುಳ್ಳು ಬೇಡ. ಹೋಗು."

ನೋಡಿ ಹೆಂಗಿದೆ. ಅವನ ಕೆಲಸ ಅಷ್ಟು ಚೆನ್ನಾಗಿತ್ತು. ನಿಜ ಹೇಳಿದ್ರೆ ಹೆತ್ತ ತಾಯೀನೇ ನಂಬಲಿಲ್ಲ.

ಅಣ್ಣ ಆಫೀಸಿನ ಬೆಂಚಿನ ಮೇಲೆ ಮಲಗೋಕೆ ಶುರು ಮಾಡಿದ. ಬಾಯಿಗೆ ಬೀಗ ಬಿತ್ತು. ಊಟ ತಂದುಕೊಟ್ರೆ ಹಾಗೇ ಆರಿ ತಣ್ಣಗಾಗಿರೋದು. ಒಂದಿನ ತಾನಾಗೇ ನನ್ನ ಹತ್ರ ಬಂದ.

"ಪುಟ್ಟಿ, ನಾವು ಒಳಗೆ ಮಾತಾಡೋದೆಲ್ಲ ನಿನ್ನ ಮೆಷೀನಲ್ಲಿ ರೆಕಾರ್ಡ್ ಆಗುತ್ತಲ್ವಾ? ಅಮ್ಮನಿಗೆ ಕೇಳಿಸು. ನಾನು ಕೋಣೇಲಿದ್ದೆ ಅಂತ ಗೊತ್ತಾಗ್ಲಿ. ಪೂರ್ತಿ ಕೇಳಿಸು, ಏನೂ ಮುಚ್ಚಿಡಬೇಡ. ನಾನೇನೂ ತಪ್ಪು ಅಂದಿರಲಿಲ್ಲ, ಅಲ್ವಾ?"

ಅವನಿಗೆ ನೆನಪೇ ಇಲ್ಲ! ಆ ನಗು, ಆ ಸ್ಕೂಲಿನ ಮಾತು, "ಪಾಪದ್ದು" ಅಂದಿದ್ದು, ಎಲ್ಲ ಅಳಿಸಿಹೋಗಿದೆ. ಅವನ ಕಣ್ಣು ನೋಡಿದ್ರೆ ನಟಿಸ್ತಿಲ್ಲ ಅಂತ ಗೊತ್ತಾಗ್ತಿತ್ತು. "ಇಲ್ಲಣ್ಣ, ಏನೂ ಅಂದಿರಲಿಲ್ಲ" ಅಂದುಬಿಟ್ಟೆ.

ರೆಕಾರ್ಡಿಂಗ್ ತೆಗೆದು ಕೇಳಿದೆ. ಅವನು ಕೋಣೇಲಿದ್ದ ಅನ್ನೋಕೆ ಬೇಕಾದಷ್ಟು ಸಾಕ್ಷಿ ಇದೆ. ಕೊಕ್ಕರೆ ದೂರದಿಂದ ಮಾತಾಡೋದು, ಅಣ್ಣ "ನಂಗೆ ಪಟ್ಟಿ ಬಿಟ್ಟು ಏನೂ ಕಾಣ್ತಿಲ್ಲ" ಅಂತ ಮೊದಲೇ ಗೊಣಗಿದ್ದು, ಕೊನೇಲಿ ಬಾಗಿಲು ಬಡಿದು ಓಡಿದ್ದು. ಮಧ್ಯದಲ್ಲಿ ಆ ನಗು. ಕೊಕ್ಕರೆ "ಸರಿ ಇಲ್ಲ" ಅಂದ ಮೇಲೆ ಬಂದ ನಗು. ನಾನು ನಗು ಕತ್ತರಿಸಿದೆ. ಕೊಕ್ಕರೆ ಮಾತಾದ ತಕ್ಷಣ ಸೀದಾ ಕಿವಿ, ರಕ್ತ, ಓನರ್ ಗದರಿದ್ದು. ಜೋಡಿಸಿದ್ದು ಗೊತ್ತೇ ಆಗದ ಹಾಗೆ ಕೂರಿಸಿದೆ. ಆ ಚಾನೆಲ್‌ನಲ್ಲಿ ನಾನು ಮಾಡಿದ ಒಂದೇ ಒಂದು ಅಚ್ಚುಕಟ್ಟು ಕೆಲಸ ಅದು.

ನಿನ್ನೆ ಹೋದ್ವಿ. ಅಣ್ಣ ಗೇಟಿನ ಹೊರಗೆ ನಿಂತ, ನನ್ನನ್ನ ಅಮ್ಮ ಒಳಗೆ ಬಿಟ್ಕೊಂಡ್ರು. ಟಿವಿ ಮೇಲೆ ಟವೆಲ್ ಹೊದಿಸಿದ್ರು. ಕುರ್ಚಿ ಮೇಲೆ ಕೀಪರ್ ಗ್ಲೌಸು, ಒಗೆದು ಒಣಗಿಸಿದ್ದು. ಫೋನ್ ಮೇಜಿನ ಮೇಲಿಟ್ಟು ಹಾಕಿದೆ. ಅಮ್ಮ ಬಗ್ಗಿ ಕಿವಿ ಕೊಟ್ಟು ಕೇಳಿದ್ರು. ಬಾಗಿಲು ಬಡಿದ ಸದ್ದು ಬಂದಾಗ ಕಣ್ಣು ಮುಚ್ಕೊಂಡ್ರು.

"ಹಂಗಾದ್ರೆ ನಿಜವಾಗ್ಲೂ ಅಲ್ಲಿರಲಿಲ್ಲ."

"ಇರಲಿಲ್ಲ ಅಮ್ಮ."

"ಇನ್ನೊಂದ್ಸಲ ಹಾಕು."

ಹಾಕಿದೆ. ಕೊಕ್ಕರೆ ಮಾತು ಮುಗೀತಿದ್ದ ಹಾಗೆ ಅಮ್ಮ ಕೈ ಎತ್ತಿದ್ರು. ನಿಲ್ಲಿಸಿದೆ.

"ಇಲ್ಲಿ. ಆ ಕ್ಯಾಮೆರಾದೋನು ಏಳ್ತಿಲ್ಲ ಅಂತ ಹೇಳಿದ್ನಲ್ಲ, ಅದಕ್ಕೆ ಇವನು ಏನೂ ಅನ್ನಲಿಲ್ವಾ?"

"ಇಲ್ಲಮ್ಮ. ಗಾಬರಿ ಆಗಿದ್ದ."

"ಹುಡುಗಿ, ನಾನು ಹೆತ್ತೋಳು. ಅವನು ನಿದ್ದೇಲೂ ಒಂದು ಮಾತಿಗೆ ಹತ್ತು ಮಾತಾಡ್ತಾನೆ. ಆಮೇಲೆ ನೀರು ಕುಡಿದ ಅಂದಿದ್ದು ಎಲ್ಲಿ? ಮಧ್ಯ ಏನೋ ತೆಗ್ದಿದೀಯ."

ಆ ಸಾಲೂ ನಗುವಿನ ಜೊತೆಗೇ ಹೋಗಿಬಿಟ್ಟಿತ್ತು. ಊರೆಲ್ಲ ಕೇಳಿದ್ದ ಸಾಲು!

"ಇರೋದು ಇಷ್ಟೇ ಅಮ್ಮ" ಅಂದೆ. ಅವರು ನನ್ನನ್ನ ನೋಡಿದ್ರು. ಎದ್ದು ಹೋಗಿ ಬಾಗಿಲು ತೆಗೆದು "ಬಾರೋ" ಅಂದ್ರು.

ಅಣ್ಣ ಬಂದು ಅವರ ಕಾಲ ಹತ್ರ ಕುಸಿದು ಕೂತ. "ಪೂರ್ತಿ ಕೇಳಿದ್ಯಾ ಅಮ್ಮ? ಒಂದೂ ಬಿಡದೆ?"

"ಪೂರ್ತಿ ಕೇಳಿದೆ ಕಣಪ್ಪ." ಅವನ ತಲೆ ಮೇಲೆ ಕೈ ಇಟ್ರು, ಕಣ್ಣು ಮಾತ್ರ ನನ್ನ ಮೇಲಿತ್ತು. ಆಗ ಅವನು ಅತ್ತುಬಿಟ್ಟ ನೋಡಿ, ಮೊದಲನೇ ಸಲ, ಮಕ್ಕಳ ಹಾಗೆ.

ನಾನು ಚಪ್ಪಲಿ ಹಾಕ್ಕೊಳ್ಳುವಾಗ ಅಮ್ಮ ಬಾಗಿಲಿಗೆ ಬಂದ್ರು. ಮೆಲ್ಲಗೆ, ಅವನಿಗೆ ಕೇಳದ ಹಾಗೆ: "ನಾಳೆ ಅವನು ಆಚೆ ಹೋದಾಗ ಒಬ್ಬಳೇ ಬಾ. ತೆಗೆದಿದ್ದನ್ನೂ ತಗೊಂಡು ಬಾ."

"ಅಮ್ಮ, ಬೇಡ ಅಮ್ಮ..."

"ನನ್ನ ಮಗ ಹೋಗೋವಾಗ ಯಾರು ಏನು ಅಂದ್ರು ಅಂತ ನಂಗೆ ಗೊತ್ತಿರಬೇಕು. ಅವನನ್ನ ಆಚೆ ಹಾಕಲ್ಲ. ಆದ್ರೆ ಗೊತ್ತಿರಬೇಕು."

ಆಚೆ ಹಾಕಲ್ಲ ಅಂದಿದಾರೆ. ಆದ್ರೆ "ಪಾಪದ್ದು" ಅಂತ ನಕ್ಕಿದ್ದನ್ನ ಕೇಳಿದ ಮೇಲೆ ಅದೇ ಕೈಯಲ್ಲಿ ಅವನಿಗೆ ಊಟ ಬಡಿಸೋಕಾಗುತ್ತಾ? ಅಳಿಸಿಬಿಟ್ರೆ, ಹೆತ್ತವಳ ಹತ್ರ ಅವಳ ಮಗನ ಕೊನೆ ಗಳಿಗೇನ ಕದ್ದ ಹಾಗಲ್ವಾ? ಅಣ್ಣನನ್ನ ಕೇಳೋಣ ಅಂದ್ರೆ ಅವನಿಗೆ ಮೊದಲು ಆ ನಗು ನೆನಪು ಮಾಡಬೇಕು. ಅಮ್ಮ ಈಗಷ್ಟೇ ಮೆಸೇಜ್ ಹಾಕಿದಾರೆ, ಅವನು ಆಚೆ ಹೋದ, ಬಾ ಅಂತ. ಕತ್ತರಿಸಿದ ತುಂಡು ನನ್ನ ಫೋನಲ್ಲಿ ಇನ್ನೂ ಇದೆ. ನೀವಾಗಿದ್ರೆ ಏನು ಮಾಡ್ತಿದ್ರಿ, ಹೇಳಿ?