ಗುರುವಾರದ ನಿಶಿವಾಕಿ

ನಿಶ್ಚಲವಾದ ನೆಲದ ಮೇಲೂ, ಅದು ಈಗಲೋ ಆಗಲೋ ಓಲಾಡೀತೆಂಬ ಎಚ್ಚರದಲ್ಲಿ, ನಿಶಿವಾಕಿಯವರು ಕಾಲು ಅಗಲಿಸಿಯೇ ನಿಲ್ಲುತ್ತಿದ್ದರು. ಒಸಾಕಾದ ದಕ್ಷಿಣದ ಬೀದಿಗಳಲ್ಲಿ ಮೂವತ್ತೆಂಟು ವರ್ಷ ಟ್ರಾಮ್ ಓಡಿಸಿದ ದೇಹ ಅದು. ಕಾಣದ ಟ್ರಾಮ್ ಹಿಡಿಯೊಂದನ್ನು ಹಿಡಿದಂತೆ ಎಡಗೈ ಸದಾ ಅರೆಮಡಿಚಿಕೊಂಡಿರುತ್ತಿತ್ತು. ನದೀತೀರದ ನಮ್ಮ ಪಿಂಗಾಣಿ ವಸ್ತುಸಂಗ್ರಹಾಲಯದಲ್ಲಿ, ಮಂದಪ್ರಕಾಶದ ಎರಡನೆಯ ಕೊಠಡಿಯ ಮೂಲೆಯಲ್ಲಿ ಕಾವಲು ಕೂರುವುದು ನನ್ನ ವೃತ್ತಿಯಾದ್ದರಿಂದ ಬಗೆಬಗೆಯ ಸಂದರ್ಶಕರನ್ನು ಕಂಡಿದ್ದೇನೆ. ಆದರೆ ಗಾಜಿನ ಪೆಟ್ಟಿಗೆಗಳಿಗೆ ಬೆನ್ನುಹಾಕಿ, ಬಂದವರ ಮುಖಗಳನ್ನೂ ಖಾಲಿ ಬೆಂಚನ್ನೂ ದಿಟ್ಟಿಸುತ್ತಿದ್ದವರು ಅವರೊಬ್ಬರೇ.

ಅವರ ಕಂದು ಕೋಟಿನ ಜೇಬಿನಲ್ಲಿ ಪ್ರವೇಶಚೀಟಿಗಳ ಕಟ್ಟೊಂದಿತ್ತು. ಹೆಂಡತಿ ಸಾಯೊ ತೀರಿಕೊಂಡ ಮೇಲೆ ಅವಳ ಹೊಲಿಗೆಪೆಟ್ಟಿಗೆಯಲ್ಲಿ ಸಿಕ್ಕವು, ಎಲ್ಲವೂ ಗುರುವಾರದವು. ಕೋಟೆಯ ಪಕ್ಕದ ಇತಿಹಾಸ ಸಂಗ್ರಹಾಲಯ, ಗುಡ್ಡದ ಬುಡದ ಚಿತ್ರಶಾಲೆ ಎಂದು ಆ ಚೀಟಿಗಳು ತೋರಿಸಿದಲ್ಲೆಲ್ಲ ಅಲೆದು, ಕೊನೆಗೆ ನಮ್ಮಲ್ಲಿಗೆ ಬಂದಿದ್ದರು. ಎಲ್ಲೆಡೆ ಒಂದೇ ಪ್ರಶ್ನೆ.

"ಇವರೇ, ಕುಳ್ಳಗಿದ್ಳು, ಬೂದಿ ಬಣ್ಣದ ಟೊಪ್ಪಿಗೆ, ಮಾತು ಸ್ವಲ್ಪ ಜಾಸ್ತಿ. ಇಲ್ಲಿ ಏನ್ ನೋಡ್ತಿದ್ಳು ಅಂತ ಗೊತ್ತಾ?"

ನನಗೆ ಗೊತ್ತಿತ್ತು. ಆದರೂ ಮೂರು ಗುರುವಾರ "ಜ್ಞಾಪಕ ಇಲ್ಲ" ಎಂದು ತಲೆತಗ್ಗಿಸಿದೆ. ಸತ್ತವಳ ಗುಟ್ಟನ್ನು ಬಯಲುಮಾಡಲು ನಾನು ಯಾರು ಎಂಬ ಸಂಕೋಚ.

ನಾಲ್ಕನೆಯ ಗುರುವಾರ ಅವರು ನನ್ನ ಕುರ್ಚಿಯ ಬಳಿಗೇ ಬಂದರು. "ಮನೇಲಿ ಬಟ್ಟಲು ಕಮ್ಮಿ ಇದಾವಾ, ಅಲ್ಲಿಗ್ಯಾಕೆ ಹೋಗ್ತೀಯ ಅಂತ ರೇಗಿಸ್ತಿದ್ದೆ ಕಣ್ರೀ. ಉತ್ತರ ಮಾತ್ರ ಕೇಳಿಸ್ಕೊಳ್ಳಲಿಲ್ಲ. ಈಗ ಯಾರನ್ನ ಕೇಳ್ಲಿ?"

ಹೇಳಿಬಿಟ್ಟೆ. "ಬಾಗಿಲ ಕಡೆ ಮುಖ ಮಾಡಿ ಈ ಬೆಂಚಲ್ಲೇ ಕೂತಿರ್ತಿದ್ರು. ನೋಡಲ್ವಾ ಅಂದ್ರೆ, 'ಯಜಮಾನ್ರು ಹಿಂದೆ ಬರ್ತಿದಾರೆ, ಬರ್ಲಿ, ಜೊತೇಲೇ ನೋಡ್ತೀವಿ' ಅನ್ನೋರು. ಮುಚ್ಚೋ ಹೊತ್ತಿಗೆ ಗಡಿಬಿಡೀಲಿ ಒಂದು ಸುತ್ತು ಹಾಕಿ ಹೋಗೋರು. ಹನ್ನೊಂದು ವರ್ಷ."

ಒಂಟಿ ಹೆಂಗಸೊಬ್ಬಳು ಮಾನ ಉಳಿಸಿಕೊಳ್ಳಲು ಆಡಿದ ಸುಳ್ಳೆಂದೇ ನಾನು ಭಾವಿಸಿದ್ದೆ. ನಿಶಿವಾಕಿ ಮೆಲ್ಲಗೆ ಅಂದರು:

"ಸುಳ್ಳಲ್ಲ ಇವರೇ. ಗುರುವಾರ ನನಗೆ ರಜ. 'ನೀನು ಮುಂದೆ ನಡಿ, ನಾನು ಹಿಂದೇನೇ ಬರ್ತೀನಿ' ಅಂತ ನಾನೇ ಹೇಳ್ತಿದ್ದೆ. ಹೇಳಿ, ಹೊದ್ಕೊಂಡು ಮಲಗಿಬಿಡ್ತಿದ್ದೆ."

ಅಂದು ಅವರು ಆ ಬೆಂಚಿನ ಒಂದು ತುದಿಯಲ್ಲಿ, ಉಳಿದರ್ಧವನ್ನು ಖಾಲಿ ಬಿಟ್ಟು, ಮುಚ್ಚುವ ಗಂಟೆಯವರೆಗೂ ಕೂತಿದ್ದರು.

ಮುಂದಿನ ಗುರುವಾರದಿಂದ ಪ್ರಶ್ನೆ ನಿಂತಿತು. ವಾರಕ್ಕೊಂದು ಪೆಟ್ಟಿಗೆಯಂತೆ, ಅದರ ಮುಂದಿನ ಬರಹವನ್ನೆಲ್ಲ ತೊದಲುತ್ತ ಓದುವರು. "ಇದರ ಬಾಯಿ ನೋಡು, ಎಷ್ಟು ಸೊಟ್ಟ," ಎಂದು ಪಕ್ಕದ ಶೂನ್ಯಕ್ಕೆ ತೋರಿಸಿ, ನಗು ಕೇಳಿಸೀತೇನೋ ಎಂಬಂತೆ ಕ್ಷಣಕಾಲ ತಡೆಯುವರು. ಕೊಠಡಿಯಲ್ಲಿ ಮಾತಾಡುವವರನ್ನು ಸುಮ್ಮನಿರಿಸುವುದು ನನ್ನ ಕರ್ತವ್ಯ. ಅವರನ್ನು ನಾನೆಂದೂ ತಡೆಯಲಿಲ್ಲ.

ಟ್ರಾಮ್ ಒಂದು ನಿಮಿಷ ತಡವಾದರೆ ಪ್ರಯಾಣಿಕರೆದುರು ಟೋಪಿ ತೆಗೆದು ಬಾಗಿ ಕ್ಷಮೆ ಬೇಡುತ್ತಿದ್ದರಂತೆ. ಇಂಥ ನಿಷ್ಠಾವಂತರನ್ನು ನಮ್ಮ ನಗರ ಧಾರಾಳವಾಗಿ ಹೆತ್ತಿದೆ. ಅಪರಿಚಿತರು ಕಾಯಬಾರದೆಂದು ಜೀವ ತೇಯುವ ಇವರು, ತಮ್ಮವರು ಮಾತ್ರ ಎಷ್ಟು ಹೊತ್ತಾದರೂ ಕಾದಾರೆಂದು ಯಾವ ಅಳುಕೂ ಇಲ್ಲದೆ ನಂಬಿರುತ್ತಾರೆ. ಆ ನಂಬಿಕೆಯೂ ಒಂದು ಬಗೆಯ ಪ್ರೀತಿಯೇ ಇರಬೇಕು. ಕಾದು ಕೂತವರಿಗೆ ಮಾತ್ರ ಅದು ತಲುಪುವುದೇ ಇಲ್ಲ.